ಅಜ್ಜಿಯ ಕ್ಷಮಾವಣಿ ಪತ್ರಗಳು: ಮನೆತನದ ಚರಿತ್ರೆಗೊಂದು ಆಕರ

ಬೆಳಗಾವಿ ಜಿಲ್ಲೆಯ ಒಂದು ಒಕ್ಕಲುತನದ ಮನೆತನದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಮೂರು ಕಡೆಗಳಲ್ಲಿ ಹುಡುಕುತ್ತಾರೆ. ಮೊದಲನೆಯದು ಹೊಲದ ಉತಾರ, ಎರಡನೆಯದು ಅಣ್ಣತಮ್ಮಂದಿರ ಪಾಲುಪತ್ರ, ಮೂರನೆಯದು ಊರ ಬಸದಿಯಲ್ಲಿರುವ ದಾನಿಗಳ ಫಲಕ. ಈ ಮೂರೂ ಗಂಡಸರ ಹೆಸರಿನ ದಾಖಲೆಗಳು. ಹೆಣ್ಣುಮಕ್ಕಳು ಇವುಗಳಲ್ಲಿ ಬರುವುದೇ ಅಪರೂಪ. ಬಂದರೆ ಉತಾರದಲ್ಲಿ ಗಂಡನ ಹೆಸರಿನ ಹಿಂದೆ ‘ಕೋಂ’ ಎಂಬ ಅಕ್ಷರದೊಂದಿಗೆ, ಪಾಲುಪತ್ರದಲ್ಲಿ ಹಕ್ಕು ಬಿಟ್ಟುಕೊಟ್ಟವರಾಗಿ, ಫಲಕದಲ್ಲಿ ಯಾರದೋ ‘ಸ್ಮರಣಾರ್ಥ’ವಾಗಿ ಬರುತ್ತಾರೆ. ಮನೆತನವನ್ನು ನಡೆಸಿದವರು, ಊರಿಂದೂರಿಗೆ ನೆಂಟಸ್ತಿಕೆಯನ್ನು ಹಬ್ಬಿಸಿ ಉಳಿಸಿಕೊಂಡವರು ಅವರೇ ಆದರೂ ಅವರ ಮಾತು ಈ ಆಕರಗಳಲ್ಲಿ ಇಲ್ಲ.

ನಾಲ್ಕನೆಯ ಆಕರವೊಂದು ಜೈನ ಮನೆಗಳಲ್ಲಿ ಇತ್ತು, ಕೆಲವೆಡೆ ಇನ್ನೂ ಇದೆ. ಅದು ಪರ್ವಪತ್ರಗಳ ಕಟ್ಟು. ಶ್ರಾವಣದಲ್ಲಿ ಪಂಚಮಿ ಹಬ್ಬಕ್ಕೆ ಮಗಳನ್ನು ತವರಿಗೆ ಕರೆಯುವ ಪತ್ರ, ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲಿನ ಕ್ಷಮಾವಣಿ ಪತ್ರ, ಮಹಾವೀರ ನಿರ್ವಾಣದ ದೀಪಾವಳಿಯ ಪತ್ರ, ಯುಗಾದಿಯ ಪತ್ರ. ವರ್ಷಕ್ಕೆ ನಾಲ್ಕಾರರಂತೆ ಒಬ್ಬ ಹಿರಿಯಳ ಹೆಸರಿನಲ್ಲಿ ಹೋದ, ಆಕೆಗೆ ಬಂದ ಕಾರ್ಡುಗಳು ಮೂವತ್ತು ನಲವತ್ತು ವರ್ಷಗಳಲ್ಲಿ ಒಂದು ಸಣ್ಣ ದಫ್ತರವೇ ಆಗುತ್ತವೆ. ಇವುಗಳಲ್ಲಿ ಕ್ಷಮಾವಣಿ ಪತ್ರಕ್ಕೆ ವಿಶೇಷವಾದ ಸ್ಥಾನವಿದೆ. ಉಳಿದ ಹಬ್ಬಗಳ ಪತ್ರವನ್ನು ಬರೆಯದಿದ್ದರೂ ನಡೆದೀತು. ಕ್ಷಮಾವಣಿಯದನ್ನು ಬರೆಯುವುದು ಧರ್ಮದ ಅಂಗವೆಂದೇ ಭಾವಿಸಲಾಗಿತ್ತು.

ದಿಗಂಬರ ಸಂಪ್ರದಾಯದಲ್ಲಿ ದಶಲಕ್ಷಣ ಪರ್ವವು ಭಾದ್ರಪದ ಶುದ್ಧ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಹತ್ತು ದಿನ ನಡೆಯುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಹೇಳುವ ಹತ್ತು ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ಪರ್ವದ ಮೊದಲ ದಿನವೂ ಅದರದೇ. ಹುಣ್ಣಿಮೆಯ ಮರುದಿನ, ಬಹುಳ ಪಾಡ್ಯದಂದು, ಅದೇ ಕ್ಷಮೆಯು ಆಚರಣೆಗಿಳಿಯುತ್ತದೆ. ಬಸದಿಯಲ್ಲಿ ಎದುರಾದವರ ಕೈಮುಗಿದು ಕ್ಷಮೆ ಬೇಡುವುದು, ದೂರದಲ್ಲಿದ್ದವರಿಗೆ ಪತ್ರ ಬರೆದು ಬೇಡುವುದು ರೂಢಿ. ಹೀಗೆ ಹಬ್ಬವೊಂದು ಪತ್ರಲೇಖನವನ್ನೇ ತನ್ನ ವಿಧಿಯ ಭಾಗವಾಗಿ ಮಾಡಿಕೊಂಡಿತು. ಬರೆಯಲು ಬಾರದವಳೂ ವರ್ಷಕ್ಕೊಮ್ಮೆಯಾದರೂ ಪತ್ರ ಬರೆಸಲೇಬೇಕಾಯಿತು. ಚರಿತ್ರಕಾರನ ಪಾಲಿಗೆ ಇದು ದೊಡ್ಡ ಲಾಭ.

ಪಲಾಶಿಕೆಯ ತಾಮ್ರಪಟದಲ್ಲಿ ಒಬ್ಬಳು ಅಜ್ಜಿ

ಹಬ್ಬ, ಮನೆತನ, ಅಜ್ಜಿ ಈ ಮೂರೂ ಒಂದೇ ದಾಖಲೆಯಲ್ಲಿ ಸೇರುವುದು ಈ ಸೀಮೆಗೆ ಹೊಸದಲ್ಲ. ಖಾನಾಪುರ ತಾಲೂಕಿನ ಹಲಸಿ, ಅಂದರೆ ಕದಂಬರ ಪಲಾಶಿಕೆಯಲ್ಲಿ, ದೊರೆತ ತಾಮ್ರಶಾಸನಗಳನ್ನು ಜೆ. ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಸಂಸ್ಕೃತದಲ್ಲಿರುವ ಈ ಶಾಸನಗಳನ್ನು ಕದಂಬರ ರಾಜಕೀಯ ಚರಿತ್ರೆಗಾಗಿ, ಜೈನಧರ್ಮಕ್ಕೆ ಅವರಿತ್ತ ಆಶ್ರಯಕ್ಕಾಗಿ ಎಲ್ಲರೂ ಉದ್ಧರಿಸುತ್ತಾರೆ. ಅವುಗಳೊಳಗೆ ಒಂದು ಮನೆತನದ ಕಥೆಯೂ ಇದೆ ಎಂಬುದಕ್ಕೆ ಅಷ್ಟು ಗಮನ ಸಂದಿಲ್ಲ.

ಕಥೆ ಆರಂಭವಾಗುವುದು ಕಾಕುಸ್ಥವರ್ಮನ ಶಾಸನದಲ್ಲಿ. ತನ್ನನ್ನು ಅಪಾಯದಿಂದ ಪಾರುಮಾಡಿದ ಸೇನಾಪತಿ ಶ್ರುತಕೀರ್ತಿಗೆ ಆತ ಖೇಟಗ್ರಾಮದಲ್ಲಿ ಭೂಮಿಯನ್ನು ಕೊಟ್ಟನು. ಮೂರು ತಲೆಮಾರುಗಳ ನಂತರ, ಐದನೆಯ ಶತಮಾನದ ಕೊನೆಗೋ ಆರನೆಯದರ ಮೊದಲಿಗೋ ಆಳಿದ ರವಿವರ್ಮನ ಶಾಸನವು ಈ ಹಿಂದಿನ ಸಂಗತಿಯನ್ನೆಲ್ಲ ನೆನೆದು ಮುಂದುವರಿಯುತ್ತದೆ. ಶ್ರುತಕೀರ್ತಿಯು ತೀರಿಕೊಂಡ ಮೇಲೆ ಮೃಗೇಶವರ್ಮನು ಆ ದತ್ತಿಯನ್ನು ದಾಮಕೀರ್ತಿಯ ತಾಯಿಗೆ ಕೊಟ್ಟನು. ದಾಮಕೀರ್ತಿಯ ಹಿರಿಯ ಮಗ, ಪ್ರತಿಹಾರನಾದ ಜಯಕೀರ್ತಿಯು, ರವಿವರ್ಮನ ಅನುಗ್ರಹದಿಂದ ಪುರುಖೇಟಕವೆಂಬ ಗ್ರಾಮವನ್ನು ‘ತನ್ನ ತಂದೆಯ ತಾಯಿ’ಗೆ ಕೊಟ್ಟನು. ಆ ಗ್ರಾಮದ ಆದಾಯದಿಂದ ಪ್ರತಿವರ್ಷ ಕಾರ್ತಿಕ ಹುಣ್ಣಿಮೆಯಲ್ಲಿ ಜಿನೇಂದ್ರನ ಎಂಟು ದಿನಗಳ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಸಲ್ಲಬೇಕು ಎಂಬುದು ಅರಸನ ಕಟ್ಟಳೆ.

ಇಲ್ಲಿ ಅಜ್ಜಿಯೊಬ್ಬಳು ಎರಡು ಆಳ್ವಿಕೆಗಳಲ್ಲಿ ಎರಡು ಸಲ ಕಾಣಿಸಿಕೊಳ್ಳುತ್ತಾಳೆ. ಒಮ್ಮೆ ಮಗನ ತಾಯಿಯಾಗಿ, ಇನ್ನೊಮ್ಮೆ ಮೊಮ್ಮಗನ ತಂದೆಯ ತಾಯಿಯಾಗಿ. ಗ್ರಾಮವೂ ಉತ್ಸವವೂ ಆಕೆಯ ಸುತ್ತಲೇ ನಿಂತಿವೆ. ಶ್ರುತಕೀರ್ತಿ, ದಾಮಕೀರ್ತಿ, ಜಯಕೀರ್ತಿ, ಆ ಮನೆತನಕ್ಕೆ ಪ್ರತಿಷ್ಠೆ ತಂದ ಆಚಾರ್ಯ ಬಂಧುಷೇಣ ಎಲ್ಲರ ಹೆಸರೂ ಶಾಸನದಲ್ಲಿದೆ. ಆಕೆಯ ಹೆಸರೊಂದೇ ಇಲ್ಲ. ಹದಿನೈದು ಶತಮಾನಗಳಾಚೆಯ ಈ ಬರವಣಿಗೆಗೂ ಇಂದಿನ ಉತಾರದ ‘ಕೋಂ’ ಎಂಬ ಅಕ್ಷರಕ್ಕೂ ಇರುವ ದೂರ ನಾವು ಎಣಿಸಿದಷ್ಟು ದೊಡ್ಡದಲ್ಲ.

ಇದಕ್ಕೆ ಅಪವಾದಗಳಿವೆ. ಪಂಪನ ತಮ್ಮ ಜಿನವಲ್ಲಭನು ಬೊಮ್ಮಲಗುಟ್ಟದಲ್ಲಿ ಬರೆಯಿಸಿದ ಕುರಿಕ್ಯಾಲ ಶಾಸನವು ತಂದೆ ಭೀಮಪಯ್ಯನೊಂದಿಗೆ ತಾಯಿ ಅಬ್ಬಣಬ್ಬೆಯ ಹೆಸರನ್ನೂ, ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂಬುದನ್ನೂ ಹೇಳುತ್ತದೆ. ಆದಿಕವಿಯ ತಾಯಿಯ ತವರು ನಮಗೆ ತಿಳಿದದ್ದು ತಮ್ಮನೊಬ್ಬ ಕಲ್ಲಿನಲ್ಲಿ ಬರೆಯಿಸಿದ್ದರಿಂದ. ಮುಧೋಳದ ರನ್ನನು 993ರ ಅಜಿತಪುರಾಣದಲ್ಲಿ ತಾಯಿ ಅಬ್ಬಲಬ್ಬೆಯನ್ನೂ ಹೆಂಡಿರಾದ ಜಕ್ಕಿ, ಶಾಂತಿಯರನ್ನೂ ನೆನೆದನು. ಮಗಳಿಗೆ ಆಶ್ರಯದಾತೆ ಅತ್ತಿಮಬ್ಬೆಯ ಹೆಸರನ್ನೇ ಇಟ್ಟನು. ಆದರೆ ಇವರೆಲ್ಲರ ಬಗ್ಗೆ ಮಾತನಾಡಿದವರು ಮಗಂದಿರು, ಗಂಡಂದಿರು, ಕವಿಗಳು. ಹೆಂಗಸು ತನ್ನ ಮನೆಯವರ ಬಗ್ಗೆ ತಾನೇ ಮಾತನಾಡುವ ದಾಖಲೆಗಾಗಿ ನಾವು ಬಹಳ ಕಾಲ ಕಾಯಬೇಕಾಯಿತು.

ಕಾಲಾಣೆಯ ಕಾರ್ಡು

ಪರ್ವದ ಸಂದರ್ಭದಲ್ಲಿ ಕ್ಷಮೆ ಬೇಡಿ ಪತ್ರ ಕಳಿಸುವ ಪದ್ಧತಿ ಅಂಚೆಗಿಂತ ಹಳೆಯದು. ಪಶ್ಚಿಮ ಭಾರತದ ಶ್ವೇತಾಂಬರ ಸಂಘಗಳು ದೂರದ ಆಚಾರ್ಯರಿಗೆ ವಿಜ್ಞಪ್ತಿಪತ್ರಗಳೆಂಬ ಉದ್ದನೆಯ ಚಿತ್ರಸುರುಳಿಗಳನ್ನು ಕಳಿಸುತ್ತಿದ್ದವು. ಪರ್ಯುಷಣದ ಕ್ಷಮಾಪಣೆ, ಮುಂದಿನ ಚಾತುರ್ಮಾಸಕ್ಕೆ ಆಮಂತ್ರಣ, ಊರಿನ ವರ್ಣನೆ ಇವೆಲ್ಲ ಅವುಗಳಲ್ಲಿ ಇರುತ್ತಿದ್ದವು. 1610ರಲ್ಲಿ ಆಗ್ರಾದ ಸಂಘವು ವಿಜಯಸೇನಸೂರಿಗೆ ಕಳಿಸಿದ, ಶಾಲಿವಾಹನನೆಂಬ ಚಿತ್ರಕಾರನ ಸುರುಳಿ ಪ್ರಸಿದ್ಧವಾದದ್ದು. ಜಹಾಂಗೀರನ ಆಸ್ಥಾನವೂ ಅದರಲ್ಲಿ ಕಾಣುತ್ತದೆ. ಆದರೆ ಅದು ಸಂಘದ ಪತ್ರ, ಮನೆಯ ಪತ್ರವಲ್ಲ.

ಮನೆಯ ಪತ್ರವು ಸಾಧ್ಯವಾದದ್ದು ಅಗ್ಗದ ಅಂಚೆಯಿಂದ. 1879ರ ಜುಲೈ 1ರಂದು ಭಾರತದಲ್ಲಿ ಅಂಚೆ ಕಾರ್ಡು ಚಲಾವಣೆಗೆ ಬಂದಾಗ ಅದರ ಬೆಲೆ ಕಾಲಾಣೆ. 1950ರ ಅಕ್ಟೋಬರ್ 2ರಂದು ಇನ್‌ಲ್ಯಾಂಡ್ ಪತ್ರ ಬಂದಿತು. ಕಾರ್ಡಿನ ಮಾತು ತೆರೆದ ಮಾತು. ಟಪಾಲಿನವನೂ ಓದಬಹುದು, ನೆರೆಮನೆಯವರೂ ಓದಿ ಹೇಳಬಹುದು. ಇನ್‌ಲ್ಯಾಂಡ್ ಮಡಚಿ ಅಂಟಿಸಿದ ಮಾತು. ಒಬ್ಬ ಅಜ್ಜಿಯ ಕಟ್ಟಿನಲ್ಲಿ ಕಾರ್ಡಿನಿಂದ ಇನ್‌ಲ್ಯಾಂಡಿಗೆ ತಿರುಗಿದ ವರ್ಷ ಯಾವುದೆಂದು ನೋಡಬೇಕು. ಆ ವರ್ಷದಲ್ಲಿ ಮನೆಯಲ್ಲಿ ಮುಚ್ಚಿಟ್ಟು ಹೇಳಬೇಕಾದ ಸಂಗತಿಯೊಂದು ಹುಟ್ಟಿರುವ ಸಾಧ್ಯತೆ ಉಂಟು.

ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಊರುಗಳಿಗೆ ಪತ್ರದ ಅಗತ್ಯ ಹೆಚ್ಚಾಗಿತ್ತೆಂಬುದಕ್ಕೆ ಭೂಗೋಳವೇ ಕಾರಣ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ, ಯಮಕನಮರಡಿಯ ನೆರೆಯಲ್ಲಿರುವ ಹತ್ತರಗಿಯಂಥ ಊರಿನ ಒಂದು ಜೈನ ಮನೆತನಕ್ಕೆ ನೆಂಟರು ಒಂದೇ ರಾಜ್ಯದಲ್ಲಿರುತ್ತಿರಲಿಲ್ಲ. ಹುಕ್ಕೇರಿ ಮುಂಬಯಿ ಇಲಾಖೆಗೆ ಸೇರಿದ್ದರೆ ಪಕ್ಕದಲ್ಲಿಯೇ ಕೊಲ್ಹಾಪುರ ಸಂಸ್ಥಾನ, ಆಚೆಗೆ ಸಾಂಗಲಿ, ಮಿರಜ, ಈಚೆಗೆ ಜಮಖಂಡಿ, ಮುಧೋಳ ಸಂಸ್ಥಾನಗಳು. ಮಗಳನ್ನು ಕೊಡುವಾಗ, ಸೊಸೆಯನ್ನು ತರುವಾಗ ಈ ಗಡಿಗಳನ್ನು ಯಾರೂ ಲೆಕ್ಕಿಸಲಿಲ್ಲ. ಮಕ್ಕಳನ್ನು ಓದಿಸುವಾಗಲೂ ಅಷ್ಟೇ. 1899ರಲ್ಲಿ ನಿಪ್ಪಾಣಿ ಬಳಿಯ ಸ್ತವನಿಧಿಯಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವಿದ್ಯಾರ್ಥಿಗಳಿಗಾಗಿ ಬೋರ್ಡಿಂಗುಗಳನ್ನು ತೆರೆಯಿತು. ಹಳ್ಳಿಯ ಒಕ್ಕಲಿಗ ಜೈನರ ಮಕ್ಕಳು ಮನೆ ಬಿಟ್ಟು ಓದತೊಡಗಿದರು. ಮನೆಗೂ ಬೋರ್ಡಿಂಗಿಗೂ ನಡುವೆ ಪರ್ವದ ಪತ್ರವೇ ಸೇತುವೆಯಾಯಿತು.

ಪತ್ರವನ್ನು ಓದುವ ಬಗೆ

ಹಬ್ಬದ ಪತ್ರಗಳನ್ನು ಮೊದಲ ಸಲ ಬಿಡಿಸಿದ ಸಂಶೋಧಕನಿಗೆ ನಿರಾಶೆಯಾಗುವುದು ಸಹಜ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಮೇಲೆ ಶ್ರೀಕಾರ ಅಥವಾ ‘ಜೈ ಜಿನೇಂದ್ರ’, ಕೆಳಗೆ ‘ತೀರ್ಥರೂಪ’ರಿಗೆ ಸಾಷ್ಟಾಂಗ ನಮಸ್ಕಾರ, ‘ಚಿರಂಜೀವಿ’ಗಳಿಗೆ ಆಶೀರ್ವಾದ, ‘ಉಭಯಕುಶಲೋಪರಿ’, ವರ್ಷದಲ್ಲಿ ಅರಿತೋ ಅರಿಯದೆಯೋ ಆದ ತಪ್ಪಿಗೆ ಕ್ಷಮೆ, ಕೊನೆಗೆ ಮಳೆ ಬೆಳೆಯ ಒಂದು ಮಾತು. ಶಾಸನಗಳನ್ನು ಓದಿ ಅಭ್ಯಾಸವಿದ್ದವರಿಗೆ ಇದು ಅಡ್ಡಿಯಾಗಬಾರದು. ಶಾಸನದಲ್ಲಿಯೂ ಮಂಗಲಾಚರಣೆ, ಪ್ರಶಸ್ತಿ, ಶಾಪಾಶಯಗಳು ಸಿದ್ಧರೂಪದವೇ; ಆ ಸಿದ್ಧರೂಪದಲ್ಲಿ ಏನು ಬದಲಾಯಿತು ಎಂಬುದನ್ನು ಹಿಡಿದೇ ನಾವು ಚರಿತ್ರೆ ಬರೆಯುತ್ತೇವೆ. ಪತ್ರಕ್ಕೂ ಅದೇ ನ್ಯಾಯ.

ಹೆಸರಿನ ಹಿಂದಿನ ಸಂಕ್ಷೇಪಾಕ್ಷರಗಳನ್ನೇ ನೋಡಬಹುದು. ಮದುವೆಯಾಗದವಳಿಗೆ ‘ಕು.’, ಮುತ್ತೈದೆಗೆ ‘ಸೌ.’, ಗಂಡನನ್ನು ಕಳೆದುಕೊಂಡವಳಿಗೆ ‘ಗಂ.ಭಾ.’ ಎಂದು ಬರೆಯುವುದು ಈ ಸೀಮೆಯ ವಾಡಿಕೆ. ಒಂದು ವರ್ಷದ ಕ್ಷಮಾವಣಿಯಲ್ಲಿ ‘ಸೌ.’ ಇದ್ದದ್ದು ಮರುವರ್ಷದ್ದರಲ್ಲಿ ‘ಗಂ.ಭಾ.’ ಆದರೆ ಅಷ್ಟರೊಳಗೆ ಆ ಮನೆಯ ಯಜಮಾನನು ತೀರಿಕೊಂಡನೆಂದು ಅರ್ಥ. ಜನನ ಮರಣಗಳ ನೋಂದಣಿ ಸರಿಯಾಗಿಲ್ಲದ ಕಾಲಕ್ಕೆ ಇದು ಹನ್ನೆರಡು ತಿಂಗಳ ಮಿತಿಯೊಳಗಿನ ಖಚಿತವಾದ ಕಾಲನಿರ್ಣಯ.

ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಗಡಿಸೀಮೆಯ ಅನೇಕ ಮನೆಗಳಲ್ಲಿತ್ತು. ಗಂಡನ ಮನೆಯವರ ಪತ್ರದಲ್ಲಿ ಒಂದು ಹೆಸರು, ತವರಿನವರ ಪತ್ರದಲ್ಲಿ ಇನ್ನೊಂದು. ಇಬ್ಬರೆಂದು ಎಣಿಸಿದವಳು ಒಬ್ಬಳೇ ಎಂಬುದು ಪತ್ರಗಳನ್ನು ಎದುರುಬದುರು ಇಟ್ಟಾಗಲೇ ತಿಳಿಯುತ್ತದೆ. ತಾಯಿ ಬರೆಯಿಸಿದ ಪತ್ರವೊಂದರಲ್ಲಿ ಮಾತ್ರ ಮಗಳು ಕೊನೆಯವರೆಗೂ ಹಳೆಯ ಹೆಸರಿನಲ್ಲಿಯೇ ಉಳಿದಿರುತ್ತಾಳೆ. ಆ ತಾಯಿ ಸತ್ತ ಮೇಲೆ ಆ ಹೆಸರು ಯಾವ ದಾಖಲೆಯಲ್ಲಿಯೂ ಬರುವುದಿಲ್ಲ.

ಕ್ಷಮೆ ಯಾರ ಯಾರಲ್ಲಿ ಬೇಡಲಾಗಿದೆ ಎಂಬ ಪಟ್ಟಿ ಇನ್ನೂ ಮುಖ್ಯ. ಕಾಕಾ, ಕಾಕು, ಅತ್ತಿ, ಮಾಮಾ, ಅಣ್ಣ, ವೈನಿ ಎಂದು ವಯಸ್ಸಿನ ಅನುಕ್ರಮದಲ್ಲಿ ಹೋಗುವ ಈ ಪಟ್ಟಿ ಒಂದೇ ಸೂರಿನ ಕೆಳಗೆ ಯಾರು ಯಾರು ಇದ್ದರೆಂಬ ಖಾನೇಸುಮಾರಿ. ಮನೆ ಪಾಲಾದ ವರ್ಷ ಈ ಪಟ್ಟಿ ಎರಡಾಗುತ್ತದೆ; ಒಂದೇ ವಿಳಾಸಕ್ಕೆ ಎರಡು ಕಾರ್ಡುಗಳು ಬರತೊಡಗುತ್ತವೆ. ಪಾಲುಪತ್ರ ನೋಂದಣಿಯಾಗುವ ಎಷ್ಟೋ ವರ್ಷಗಳ ಮೊದಲೇ ಒಲೆಗಳು ಬೇರೆಯಾಗಿರುತ್ತಿದ್ದವು. ಕಾಗದದ ಪಾಲು ಯಾವಾಗಿನದೆಂದು ಸಬ್ ರಜಿಸ್ಟ್ರಾರ ಕಚೇರಿ ಹೇಳುತ್ತದೆ, ಒಲೆಯ ಪಾಲು ಯಾವಾಗಿನದೆಂದು ಅಜ್ಜಿಯ ಕಾರ್ಡು ಹೇಳುತ್ತದೆ.

ನೋಂಪಿಗಳ ಉಲ್ಲೇಖವೂ ಕಾಲಗಣನೆಗೆ ಒದಗುತ್ತದೆ. ಅನಂತನ ನೋಂಪಿಯನ್ನು ಹದಿನಾಲ್ಕು ವರ್ಷ, ದಶಲಕ್ಷಣ ನೋಂಪಿಯನ್ನು ಹತ್ತು ವರ್ಷ ನಡೆಸಿ ಉದ್ಯಾಪನೆ ಮಾಡುವುದು ಕ್ರಮ. ಈ ವರ್ಷ ಸೊಸೆಯ ಅನಂತನ ನೋಂಪಿಯ ಉದ್ಯಾಪನೆ ಎಂದು ಪತ್ರದಲ್ಲಿದ್ದರೆ ಆಕೆ ನೋಂಪಿ ಹಿಡಿದ ವರ್ಷವನ್ನು ಹಿಂದಕ್ಕೆ ಎಣಿಸಬಹುದು. ಮದುವೆಯ ನಂತರ ಗಂಡನ ಮನೆಯಲ್ಲಿ ಹಿಡಿದ ನೋಂಪಿಯಾದರೆ ಮದುವೆಯ ವರ್ಷದ ಸುಳಿವೂ ಸಿಗುತ್ತದೆ. ಕನ್ನಡದಲ್ಲಿ ನೋಂಪಿಯ ಕಥೆಗಳ ಬಗ್ಗೆ ಸಾಕಷ್ಟು ಅಭ್ಯಾಸ ನಡೆದಿದೆ. ನೋಂಪಿಯನ್ನು ನಡೆಸಿದವರ ಬದುಕಿನಲ್ಲಿ ಅದು ಹೇಗೆ ಕಾಲವನ್ನು ಅಳೆಯುವ ಕೋಲಾಗಿತ್ತು ಎಂಬುದರ ಅಭ್ಯಾಸ ನಡೆಯಬೇಕಾಗಿದೆ.

ತಿಥಿ, ಸಂವತ್ಸರ ಮತ್ತು ಅಂಚೆಮುದ್ರೆ

ಹಳೆಯ ಪತ್ರಗಳಲ್ಲಿ ಇಂಗ್ಲಿಷ್ ತಾರೀಖಿಗಿಂತ ತಿಥಿಯೇ ಹೆಚ್ಚು. ಇಲ್ಲಿ ಎರಡು ಮೂರು ಕಡೆ ಎಡವುವ ಭಯವಿದೆ. ಉತ್ತರ ಭಾರತದ ಪೂರ್ಣಿಮಾಂತ ಪಂಚಾಂಗದಲ್ಲಿ ಕ್ಷಮಾವಣಿಯು ಆಶ್ವಿನ ಕೃಷ್ಣ ಪ್ರತಿಪದೆ. ನಮ್ಮ ಅಮಾಂತ ಪಂಚಾಂಗದಲ್ಲಿ ಭಾದ್ರಪದ ಬಹುಳ ಪಾಡ್ಯ. ದಿನ ಒಂದೇ, ಮಾಸದ ಹೆಸರು ಬೇರೆ. ಹಿಂದಿಯಲ್ಲಿ ಅಚ್ಚಾದ ಕ್ಷಮಾವಣಿ ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆದ ಪತ್ರದಲ್ಲಿ ಎರಡೂ ಬಂದಾಗ ಒಂದು ತಿಂಗಳ ತಪ್ಪಾಗುವುದು ಸುಲಭ. ವೀರನಿರ್ವಾಣ ಸಂವತ್ತು ದೀಪಾವಳಿಗೆ ಬದಲಾಗುವುದರಿಂದ, ಕ್ಷಮಾವಣಿ ಪತ್ರದ ವೀರನಿರ್ವಾಣ ವರ್ಷದಿಂದ 526ನ್ನೂ ದೀಪಾವಳಿಯ ನಂತರ ಡಿಸೆಂಬರ್ ಕೊನೆಯವರೆಗಿನ ಪತ್ರದ ವರ್ಷದಿಂದ 527ನ್ನೂ ಕಳೆಯಬೇಕು. ಸಂವತ್ಸರದ ಹೆಸರು ಮಾತ್ರ ಇದ್ದರೆ ಅರವತ್ತು ವರ್ಷಗಳ ಚಕ್ರದಲ್ಲಿ ಯಾವ ಸುತ್ತೆಂಬ ಪ್ರಶ್ನೆ ಏಳುತ್ತದೆ. ಆಗ ಅಂಚೆಮುದ್ರೆ, ಕಾರ್ಡಿನ ಮೇಲಿನ ಬೆಲೆ, ವಿಳಾಸದ ಒಕ್ಕಣೆ ನೆರವಿಗೆ ಬರುತ್ತವೆ. ಆಣೆಯ ಬೆಲೆಯ ಮುದ್ರೆಯಿದ್ದ ಕಾರ್ಡು 1957ರ ಏಪ್ರಿಲ್ 1ಕ್ಕೆ ಜಾರಿಗೆ ಬಂದ ದಶಮಾಂಶ ನಾಣ್ಯಪದ್ಧತಿಗಿಂತ ಮೊದಲಿನ ಅಚ್ಚು. 591ರಿಂದ ಆರಂಭವಾಗುವ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ಈಚಿನದು.

1955ನೆಯ ವರ್ಷವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮನ್ಮಥ ಸಂವತ್ಸರ, ಶಕ 1877, ವೀರನಿರ್ವಾಣ ಸಂವತ್ 2481. ಆ ವರ್ಷ ಭಾದ್ರಪದವೇ ಅಧಿಕಮಾಸವಾಗಿತ್ತು. ಇಂದಿನ ನಿಪ್ಪಾಣಿ ತಾಲೂಕಿನ ಭೋಜದ ಪಾಟೀಲ ಮನೆತನದಲ್ಲಿ ಬೆಳೆದ ಆಚಾರ್ಯ ಶಾಂತಿಸಾಗರರು ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಕೈಗೊಂಡು ಎರಡನೆಯ ಭಾದ್ರಪದದ ಶುದ್ಧ ಬಿದಿಗೆಯಂದು, ಸೆಪ್ಟೆಂಬರ್ 18ರಂದು, ಸಮಾಧಿಯನ್ನು ಹೊಂದಿದರು. ಮೂರೇ ದಿನಕ್ಕೆ ದಶಲಕ್ಷಣ ಪರ್ವ ಆರಂಭ. ಎರಡು ವಾರಕ್ಕೆ ಕ್ಷಮಾವಣಿ. ಚಿಕ್ಕೋಡಿ, ಹುಕ್ಕೇರಿ ಕಡೆಯ ಮನೆಗಳಿಗೆ ಅವರು ಗ್ರಂಥದಲ್ಲಿ ಓದಿದ ಆಚಾರ್ಯರಲ್ಲ. ತಮ್ಮ ಸೀಮೆಯವರು, ಅನೇಕರಿಗೆ ನೆಂಟರ ಪೈಕಿಯವರು. ಆ ವರ್ಷದ ಕ್ಷಮಾವಣಿ ಪತ್ರಗಳು ಯಾವುದೇ ಮನೆಯಲ್ಲಿ ಉಳಿದಿದ್ದರೆ, ಒಬ್ಬ ಮಹಾಮುನಿಯ ಮರಣವನ್ನು ಅಡುಗೆಮನೆಯಲ್ಲಿ ಕುಳಿತ ಹೆಂಗಸರು ಹೇಗೆ ಸ್ವೀಕರಿಸಿದರು ಎಂಬುದಕ್ಕೆ ಅವೇ ಆಕರ. ಪತ್ರಿಕೆಗಳ ಶ್ರದ್ಧಾಂಜಲಿ ಲೇಖನಗಳಲ್ಲಿ ಅದು ದೊರೆಯುವುದಿಲ್ಲ.

ಮರುವರ್ಷದ ಕ್ಷಮಾವಣಿಯಾಗಿ ಕೆಲವು ವಾರಗಳಿಗೆ, 1956ರ ನವೆಂಬರ್ 1ರಂದು, ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಕೊಲ್ಹಾಪುರವು 1949ರಲ್ಲಿಯೇ ಮುಂಬಯಿಯಲ್ಲಿ ವಿಲೀನವಾಗಿತ್ತು. ಹೀಗೆ ಏಳೆಂಟು ವರ್ಷಗಳೊಳಗೆ ತಾಯಿಮಗಳ ನಡುವಿನ ಗಡಿ ಒಮ್ಮೆ ಅಳಿಸಿತು, ಮತ್ತೊಮ್ಮೆ ಬಂದಿತು. ಏಕೀಕರಣದ ಚರಿತ್ರೆಯನ್ನು ನಾವು ಸಭೆ, ಠರಾವು, ಚಳವಳಿಗಳ ಮೂಲಕ ಬಲ್ಲೆವು. ವಿಳಾಸದ ಕೊನೆಯ ಸಾಲು ಮುಂಬಯಿ ಇಲಾಖೆ, ಮುಂಬಯಿ ರಾಜ್ಯ, ಮೈಸೂರು ರಾಜ್ಯ, 1973ರ ನಂತರ ಕರ್ನಾಟಕ ಎಂದು ಬದಲಾಗುತ್ತ ಹೋದರೂ ಊರ ಹೆಸರು, ‘ವ್ಹಾಯಾ’ ಬರೆಯುವ ಅಂಚೆಯೂರು, ಹಬ್ಬ ಬದಲಾಗಲಿಲ್ಲ ಎಂಬುದು ಅದೇ ಚರಿತ್ರೆಯ ಇನ್ನೊಂದು ಮಗ್ಗುಲು.

ಊರೇ ಬದಲಾದದ್ದೂ ಉಂಟು. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ, 1977ರಲ್ಲಿ ಪೂರ್ಣಗೊಂಡ ರಾಜಾ ಲಖಮಗೌಡ ಜಲಾಶಯದ ಹಿನ್ನೀರಿನಲ್ಲಿ ಹುಕ್ಕೇರಿ ತಾಲೂಕಿನ ಹಳ್ಳಿಗಳು ಮುಳುಗಿದವು. ಮುಳುಗಿದ ಊರಿನ ಹೆಸರಿಗೆ ಬಂದ ಕಾರ್ಡು ಇಂದು ಆ ಊರಿನ ಅಂಚೆವಿಳಾಸ ಹೇಗಿತ್ತೆಂಬುದಕ್ಕೆ ಉಳಿದ ಕೆಲವೇ ಸಾಕ್ಷಿಗಳಲ್ಲಿ ಒಂದು. ಮಳೆ ಬೆಳೆಯ ಮಾತಿನಲ್ಲಿಯೂ ಈ ತಿರುವು ಕಾಣಬೇಕು. ಜೋಳ, ಶೇಂಗಾ, ತಂಬಾಕುಗಳ ಮಾತು ನಿಂತು ಕಬ್ಬಿನ ಮಾತು ಶುರುವಾದ ವರ್ಷ ಯಾವುದೆಂದು ಗುರುತಿಸಿದರೆ ಕಾಲುವೆಯ ನೀರು ಆ ಮನೆಯ ಹೊಲಕ್ಕೆ ಬಂದ ವರ್ಷ ತಿಳಿದೀತು.

ಯಾರ ಕೈ, ಯಾರ ಮಾತು

ಇಷ್ಟೆಲ್ಲ ಹೇಳಿದ ಮೇಲೆ ಈ ಆಕರದ ಮಿತಿಗಳನ್ನೂ ಹೇಳಬೇಕು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಬಹುಪಾಲು ಅಜ್ಜಿಯರು ಪತ್ರವನ್ನು ಬರೆದವರಲ್ಲ, ಬರೆಯಿಸಿದವರು. ಶಾಲೆ ಕಲಿತ ಮೊಮ್ಮಗನೋ ಊರ ಮಾಸ್ತರನೋ ಲೇಖಕ. ಮನೆಯಲ್ಲಿ ಕನ್ನಡ, ಲೆಕ್ಕಪತ್ರದಲ್ಲಿ ಮರಾಠಿ ಎಂಬ ಸ್ಥಿತಿಯಿದ್ದ ಈ ಸೀಮೆಯಲ್ಲಿ ಕನ್ನಡದ ಮಾತು ಮರಾಠಿಯಾಗಿ, ಕೆಲವೊಮ್ಮೆ ಮೋಡಿ ಲಿಪಿಯಲ್ಲಿ ಕಾಗದಕ್ಕೆ ಇಳಿಯುತ್ತಿತ್ತು. ಮೋಡಿ ಬಲ್ಲವರು ವಿರಳವಾದಂತೆ ಎಷ್ಟೋ ಮನೆಗಳು ತಮ್ಮದೇ ಅಜ್ಜಿಯ ಪತ್ರವನ್ನು ಓದಲಾರದ ಸ್ಥಿತಿಗೆ ಬಂದಿವೆ. ಹೇಳಿದವಳ ಮಾತೆಷ್ಟು, ಬರೆದವನ ಮಾತೆಷ್ಟು ಎಂಬುದನ್ನು ಬೇರ್ಪಡಿಸಬೇಕು. ಆರಂಭದ ಒಕ್ಕಣೆ ಸಾಮಾನ್ಯವಾಗಿ ಬರೆದವನದು. ನಡುವೆ ಆಡುಮಾತಿನ ಕ್ರಿಯಾಪದವೊಂದು ಗ್ರಂಥಭಾಷೆಯ ಕಟ್ಟನ್ನು ಮುರಿದು ನುಗ್ಗಿದರೆ ಅಲ್ಲಿ ಹೇಳಿದವಳ ದನಿ ಇದೆ. ಕಾರ್ಡು ತುಂಬಿದ ಮೇಲೆ ಅಂಚಿನಲ್ಲಿ ಅಡ್ಡಲಾಗಿ ಸೇರಿಸಿದ ಸಾಲುಗಳು ಬಹುಮಟ್ಟಿಗೆ ಅವಳವೇ. ಹಳ್ಳಿಯ ಹೆಂಗಸಿನ ಮಾತಿನ ಕನ್ನಡವನ್ನು ಮಿರ್ಜಿ ಅಣ್ಣಾರಾಯರಂಥ ಕಾದಂಬರಿಕಾರರು ಕಿವಿಯಿಂದ ಕೇಳಿ ಬರೆದರು. ಕಾರ್ಡಿನ ಅಂಚಿನಲ್ಲಿ ಅದು ನೇರವಾಗಿಯೇ ಇದೆ.

ಎರಡನೆಯ ಮಿತಿ ಉಳಿವಿನದು. ಸಾವಿನ ಸುದ್ದಿಯ ಪತ್ರವನ್ನು ಓದಿದೊಡನೆ ಹರಿದು ಹಾಕುವ, ಮನೆಯಲ್ಲಿ ಇಡದಿರುವ ರೂಢಿ ಅನೇಕ ಕಡೆ ಇತ್ತು. ಅರಿಷಿಣ ಕುಂಕುಮ ಹಚ್ಚಿದ ಮದುವೆಯ ಪತ್ರ ಉಳಿಯಿತು, ಮೂಲೆ ಹರಿದ ಪತ್ರ ಉಳಿಯಲಿಲ್ಲ. ಆದ್ದರಿಂದ ಕಟ್ಟಿನಲ್ಲಿ ಸಿಗುವ ಮನೆತನವು ಇದ್ದದ್ದಕ್ಕಿಂತ ಸುಖಿಯಾಗಿ ಕಾಣುತ್ತದೆ. ಸಾವುಗಳನ್ನು ಮರುವರ್ಷದ ಕ್ಷಮಾವಣಿಯಲ್ಲಿ ಕಾಣೆಯಾದ ಹೆಸರುಗಳಿಂದಲೇ ಅರಿಯಬೇಕಾಗುತ್ತದೆ. ಹಾಗೆಯೇ ಒಬ್ಬರ ಮನೆಯಲ್ಲಿರುವುದು ಅವರಿಗೆ ಬಂದ ಪತ್ರಗಳು ಮಾತ್ರ. ಅವರು ಕಳಿಸಿದವು ಇನ್ನೆಲ್ಲಿಯೋ ಇರುತ್ತವೆ. ಅಜ್ಜಿಯ ಮಾತು ಬೇಕಿದ್ದರೆ ಅಜ್ಜಿಯ ಟ್ರಂಕನ್ನು ತೆರೆದರೆ ಸಾಲದು, ಅವಳ ಹೆಣ್ಣುಮಕ್ಕಳ ಗಂಡನ ಮನೆಗಳಿಗೆ ಹೋಗಬೇಕು.

ಮೂರನೆಯದು ಮಿತಿಗಿಂತ ಹೆಚ್ಚಾಗಿ ಧರ್ಮಸಂಕಟ. ಕ್ಷಮಾವಣಿ ಪತ್ರದ ಉದ್ದೇಶ ವೈರವನ್ನು ಅಳಿಸುವುದು. ಬದುವಿನ ಜಗಳ, ಪಾಲಿನಲ್ಲಿ ಆದ ಅನ್ಯಾಯ, ಮದುವೆಯಲ್ಲಿ ಆಡಿದ ಒರಟು ಮಾತು ಇವುಗಳನ್ನು ಮರೆತುಬಿಡಿ ಎಂದು ಕೇಳಲೆಂದೇ ಅದು ಹುಟ್ಟಿತು. ಸಂಶೋಧಕನು ಮಾಡುವುದು ಅದರ ವಿರುದ್ಧವಾದ ಕೆಲಸ. ಮರೆಯಲೆಂದು ಬರೆದದ್ದನ್ನು ಆತ ನೆನಪಿಡಲೆಂದು ಓದುತ್ತಾನೆ. ಕ್ಷಮೆ ಬೇಡಿದವಳೂ ಕೊಟ್ಟವಳೂ ಇಲ್ಲವಾದ ಮೇಲೆ ಆ ಜಗಳವನ್ನು ಹೆಸರುಗಳೊಂದಿಗೆ ಅಚ್ಚು ಹಾಕಿಸಿದರೆ ಅವರ ಮೊಮ್ಮಕ್ಕಳ ನಡುವೆ ಅದು ಮತ್ತೆ ಏಳಬಹುದು. ಪತ್ರವನ್ನು ಸಂರಕ್ಷಿಸುವುದು ಬೇರೆ, ಪ್ರಕಟಿಸುವುದು ಬೇರೆ ಎಂಬ ವಿವೇಕ ಇಲ್ಲಿ ಬೇಕು. ಕಾಲಗಣನೆ, ನೆಂಟಸ್ತಿಕೆ, ಭಾಷೆ, ಬೆಳೆ, ವ್ರತ ಇವುಗಳನ್ನು ಚರಿತ್ರೆಗೆ ಎತ್ತಿಕೊಳ್ಳಬಹುದು. ಬೇಡಿಕೊಂಡ ಕ್ಷಮೆಯ ಕಾರಣವನ್ನು ಎಲ್ಲಿ ಬಿಡಬೇಕೆಂಬುದನ್ನು ಪತ್ರದ ವಾರಸುದಾರರೊಂದಿಗೆ ಕುಳಿತೇ ತೀರ್ಮಾನಿಸಬೇಕು.

ತಂತಿಗೆ ಚುಚ್ಚಿದ ಕ್ರಮ

ಈ ಪತ್ರಗಳು ಉಳಿದದ್ದು ಹೇಗೆಂಬುದನ್ನು ನೋಡಿದರೆ ಅವನ್ನು ಉಳಿಸಿಕೊಳ್ಳುವ ದಾರಿಯೂ ತಿಳಿಯುತ್ತದೆ. ಹಳೆಯ ಮನೆಗಳಲ್ಲಿ ಬಾಗಿಸಿದ ತಂತಿಯೊಂದನ್ನು ಗೋಡೆಗೆ ತೂಗುಹಾಕಿ, ಬಂದ ಪತ್ರವನ್ನು ಬಂದಂತೆಯೇ ಅದಕ್ಕೆ ಚುಚ್ಚುತ್ತಿದ್ದರು. ತಂತಿಯ ಅಡಿಯದು ಹಳೆಯದು, ಮೇಲಿನದು ಹೊಸದು. ತಾರೀಖಿಲ್ಲದ, ಮುದ್ರೆ ಮಾಸಿದ ಕಾರ್ಡಿಗೂ ಈ ಕ್ರಮವೇ ಕಾಲವನ್ನು ಹೇಳುತ್ತದೆ. ಸ್ವಚ್ಛಗೊಳಿಸುವ ಉತ್ಸಾಹದಲ್ಲಿ ತಂತಿಯಿಂದ ಕಿತ್ತು ರಾಶಿ ಹಾಕಿದೊಡನೆ ಆ ಸಾಕ್ಷ್ಯ ಹೋಗುತ್ತದೆ. ತಾಡೆಯೋಲೆಯ ಕಟ್ಟನ್ನು ಬಿಚ್ಚುವಾಗ ಗರಿಗಳ ಅನುಕ್ರಮವನ್ನು ಕಾಯುವಷ್ಟೇ ಎಚ್ಚರ ಇಲ್ಲಿಯೂ ಬೇಕು. ಬಿಡಿಸುವ ಮೊದಲು ಒಂದೊಂದಕ್ಕೂ ಪೆನ್ಸಿಲಿನಿಂದ ಸಂಖ್ಯೆ ಹಾಕಬೇಕು, ಎರಡೂ ಮಗ್ಗುಲುಗಳ ಚಿತ್ರವನ್ನು ತೆಗೆಯಬೇಕು, ಅಂಚೆಮುದ್ರೆ ಮತ್ತು ವಿಳಾಸವನ್ನು ಬಿಡಬಾರದು. ಅದಕ್ಕೂ ಮೊದಲು ಆ ಮನೆಯಲ್ಲಿ ಬದುಕಿರುವ ಅತಿ ಹಿರಿಯ ಹೆಣ್ಣುಮಗಳ ಬಳಿ ಕುಳಿತು ಪತ್ರದಲ್ಲಿ ಬರುವ ಪ್ರತಿಯೊಂದು ಹೆಸರು ಯಾರದೆಂದು ಬರೆದುಕೊಳ್ಳಬೇಕು. ಕಾಗದ ಇನ್ನೂ ಐವತ್ತು ವರ್ಷ ಬಾಳೀತು. ಆ ಹೆಸರುಗಳ ಅರ್ಥ ಅಷ್ಟು ಕಾಲ ಬಾಳುವುದಿಲ್ಲ.

ಕ್ಷಮಾವಣಿಯ ದಿನ ಇಂದಿಗೂ ಬರುತ್ತದೆ. ಸಂದೇಶಗಳು ಮೊಬೈಲಿನಲ್ಲಿ ನೂರಾರು ಬರುತ್ತವೆ, ಒಂದೇ ಚಿತ್ರ ಎಲ್ಲರಿಗೂ ಹೋಗುತ್ತದೆ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲವಾದ್ದರಿಂದ ಯಾರ ಹೆಸರು ಬಿಟ್ಟುಹೋಯಿತೆಂಬುದೂ ತಿಳಿಯುವುದಿಲ್ಲ. ಒಬ್ಬೊಬ್ಬರನ್ನೂ ಹೆಸರಿಡಿದು ನೆನೆಯುತ್ತ, ಮರೆತವರನ್ನು ಅಂಚಿನಲ್ಲಿ ಸೇರಿಸುತ್ತ ಬರೆಯಿಸಿದ ಆ ಕಾರ್ಡಿನ ಕೊನೆಗೆ ಅಜ್ಜಿಯು ತನ್ನ ಹೆಸರನ್ನು ಹಾಕಿಸುವುದು ಅಪರೂಪವಾಗಿತ್ತು. ‘ನಿಮ್ಮ ಆಯಿ’ ಎಂದಷ್ಟೇ ಇರುತ್ತಿತ್ತು. ಪಲಾಶಿಕೆಯ ತಾಮ್ರಪಟದಲ್ಲಿ ಹೆಸರಿಲ್ಲದೆ ನಿಂತ ಜಯಕೀರ್ತಿಯ ಅಜ್ಜಿಯ ಹೆಸರನ್ನು ಇನ್ನು ಯಾರೂ ಹೇಳಲಾರರು. ಹತ್ತರಗಿಯಲ್ಲೋ ಯಮಕನಮರಡಿಯಲ್ಲೋ ಟ್ರಂಕಿನ ಅಡಿಯಲ್ಲಿರುವ ಕಾರ್ಡಿನ ಆಯಿಯ ಹೆಸರನ್ನು ಹೇಳಬಲ್ಲವರು ಇನ್ನೂ ಇದ್ದಾರೆ. ಈ ವರ್ಷದ ಭಾದ್ರಪದದೊಳಗೆ ಅವರನ್ನು ಕೇಳಿ ಕಾರ್ಡಿನ ಹಿಂದೆ ಬರೆದಿಡುವುದು ಮೊಮ್ಮಕ್ಕಳ ಕೆಲಸ.